ಚೀನಾದ ಸಮಕಾಲೀನ ಜನಪ್ರಿಯ ಚಲನಚಿತ್ರಗಳು

ಚೀನಾದ ಸಮಕಾಲೀನ ಜನಪ್ರಿಯ ಚಲನಚಿತ್ರಗಳು ಎಂದರೆ ಚೀನಾದ ಮುಖ್ಯ ಭೂಭಾಗದಲ್ಲಿ 1990ರ ದಶಕದ ಉತ್ತರಾರ್ಧದಿಂದ ಈಚೆಗೆ ಸಾಮಾನ್ಯ ಪ್ರೇಕ್ಷಕರನ್ನು ಉದ್ದೇಶಿಸಿ ನಿರ್ಮಾಣಗೊಂಡು, ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ಬಿಡುಗಡೆಯಾಗುತ್ತಿರುವ ಮುಖ್ಯವಾಹಿನಿಯ ಚಿತ್ರಗಳು. ಹಾಸ್ಯ, ಯುದ್ಧ, ಪುರಾಣ, ವೈಜ್ಞಾನಿಕ ಕಲ್ಪನೆ, ಅಪರಾಧ ಮತ್ತು ಕೌಟುಂಬಿಕ ಕಥೆಗಳು ಇವುಗಳ ಮುಖ್ಯ ಪ್ರಕಾರಗಳಾಗಿವೆ. ಈ ಚಿತ್ರಗಳ ಸ್ವರೂಪವನ್ನು ಸರ್ಕಾರದ ಪರವಾನಗಿ, ಮಾರುಕಟ್ಟೆಯ ಲಾಭ ಮತ್ತು ಪ್ರೇಕ್ಷಕರ ಅಭಿರುಚಿ ಎಂಬ ಮೂರು ಶಕ್ತಿಗಳು ಒಟ್ಟಾಗಿ ನಿರ್ಧರಿಸುತ್ತವೆ. ಇವುಗಳಲ್ಲಿ ಯಾವುದೋ ಒಂದರಿಂದಲೇ ಚೀನಾದ ಚಿತ್ರಗಳನ್ನು ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲ. ಕನ್ನಡ ಪ್ರೇಕ್ಷಕರಿಗೆ ಪರಿಚಿತವಾದ ‘ದೃಶ್ಯ’ ಚಿತ್ರದ ಕಥೆ ಚೀನೀ ಭಾಷೆಯಲ್ಲಿ ಪಡೆದ ರೂಪವು ಇದಕ್ಕೆ ಉತ್ತಮ ಉದಾಹರಣೆಯಾಗಿದೆ.

ವ್ಯಾಪ್ತಿ

ಚೀನೀ ಭಾಷೆಯ ಚಿತ್ರರಂಗವು ಮುಖ್ಯ ಭೂಭಾಗ, ಹಾಂಗ್ ಕಾಂಗ್ ಮತ್ತು ತೈವಾನ್ ಎಂಬ ಮೂರು ನೆಲೆಗಳಲ್ಲಿ ಪ್ರತ್ಯೇಕವಾಗಿ ಬೆಳೆಯಿತು. ಭಾರತದಲ್ಲಿ ‘ಚೀನಾ ಸಿನಿಮಾ’ ಎಂದು ಬಹುಕಾಲ ಕರೆಯಲಾಗುತ್ತಿದ್ದ ಬ್ರೂಸ್ ಲೀ ಮತ್ತು ಜಾಕಿ ಚಾನ್ ಅವರ ಹಳೆಯ ಕದನಕಲೆಯ ಚಿತ್ರಗಳು ವಾಸ್ತವವಾಗಿ ಹಾಂಗ್ ಕಾಂಗ್ ಚಿತ್ರರಂಗಕ್ಕೆ ಸೇರಿದವು. 2003ರಲ್ಲಿ ಮುಖ್ಯ ಭೂಭಾಗ ಮತ್ತು ಹಾಂಗ್ ಕಾಂಗ್ ನಡುವೆ ಆದ ಆರ್ಥಿಕ ಒಪ್ಪಂದದ ನಂತರ ಎರಡೂ ಕಡೆಯವರು ಸೇರಿ ನಿರ್ಮಿಸುವ ಚಿತ್ರಗಳು ಚೀನಾದಲ್ಲಿ ಸ್ವದೇಶಿ ಚಿತ್ರಗಳೆಂದೇ ಪರಿಗಣಿತವಾಗತೊಡಗಿದವು. ಅಲ್ಲಿಂದ ಮುಂದೆ ಹಾಂಗ್ ಕಾಂಗ್‌ನ ಅನೇಕ ನಿರ್ದೇಶಕರು ಮತ್ತು ಕಲಾವಿದರು ಮುಖ್ಯ ಭೂಭಾಗದ ಪ್ರೇಕ್ಷಕರಿಗಾಗಿ ಚಿತ್ರಗಳನ್ನು ಮಾಡಿದ್ದಾರೆ. ಪ್ರಸ್ತುತ ಲೇಖನವು ಮುಖ್ಯವಾಗಿ ಮುಖ್ಯ ಭೂಭಾಗದ ಚಿತ್ರಗಳಿಗೆ ಸಂಬಂಧಿಸಿದೆ.

ಹಿನ್ನೆಲೆ

ಚೀನೀಯರು ನಿರ್ಮಿಸಿದ ಮೊದಲ ಚಲನಚಿತ್ರವು 1905ರಲ್ಲಿ ಬೀಜಿಂಗ್‌ನಲ್ಲಿ ಚಿತ್ರಿತವಾದ ‘ಡಿಂಗ್‌ಜುನ್ ಶಾನ್’. ಇದು ಅಲ್ಲಿನ ಸಾಂಪ್ರದಾಯಿಕ ರಂಗಪ್ರಕಾರವಾದ ಪೀಕಿಂಗ್ ಆಪೆರಾದ ಕೆಲವು ದೃಶ್ಯಗಳ ಚಿತ್ರೀಕರಣವಾಗಿತ್ತು. 1949ರಲ್ಲಿ ಜನತಾ ಗಣರಾಜ್ಯ ಸ್ಥಾಪನೆಯಾದ ಬಳಿಕ ಚಿತ್ರ ನಿರ್ಮಾಣವು ಸರ್ಕಾರಿ ಸ್ಟುಡಿಯೋಗಳ ವಶವಾಯಿತು. 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯ ಅವಧಿಯಲ್ಲಿ ಕಥಾಚಿತ್ರಗಳ ನಿರ್ಮಾಣ ಬಹುಮಟ್ಟಿಗೆ ನಿಂತುಹೋಗಿ, ಅನುಮೋದಿತ ‘ಮಾದರಿ’ ರಂಗಕೃತಿಗಳ ಚಿತ್ರರೂಪಗಳಿಗೆ ಪ್ರಾಧಾನ್ಯ ದೊರೆಯಿತು.

1978ರಲ್ಲಿ ಬೀಜಿಂಗ್ ಚಲನಚಿತ್ರ ಅಕಾಡೆಮಿಯು ಮತ್ತೆ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಅಲ್ಲಿಂದ 1982ರಲ್ಲಿ ಹೊರಬಂದವರನ್ನು ‘ಐದನೆಯ ತಲೆಮಾರು’ ಎಂದು ಕರೆಯುತ್ತಾರೆ. ಚೆನ್ ಕೈಗೆ ಅವರ ‘ಯೆಲ್ಲೋ ಅರ್ಥ್’ (1984), ಝಾಂಗ್ ಯಿಮೌ ಅವರ ‘ರೆಡ್ ಸೋರ್ಗಮ್’ (1987) ವಿದೇಶದ ಚಿತ್ರೋತ್ಸವಗಳಲ್ಲಿ ಹೆಸರು ಗಳಿಸಿದವು. ‘ರೆಡ್ ಸೋರ್ಗಮ್’ 1988ರಲ್ಲಿ ಬರ್ಲಿನ್‌ನ ಗೋಲ್ಡನ್ ಬೇರ್ ಪ್ರಶಸ್ತಿಯನ್ನು, ಚೆನ್ ಕೈಗೆ ಅವರ ‘ಫೇರ್‌ವೆಲ್ ಮೈ ಕಾನ್‌ಕ್ಯುಬೈನ್’ 1993ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಪಡೆದವು. ಇವರಿಬ್ಬರೂ ಮುಂದೆ ಭಾರಿ ವೆಚ್ಚದ ಜನಪ್ರಿಯ ಚಿತ್ರಗಳನ್ನು ನಿರ್ದೇಶಿಸಿದ್ದು ಚೀನಾದ ಚಿತ್ರರಂಗದ ಬದಲಾದ ದಾರಿಯನ್ನು ಸೂಚಿಸುತ್ತದೆ.

ಮಾರುಕಟ್ಟೆಯ ಬೆಳವಣಿಗೆ

1994ರ ಕೊನೆಯಲ್ಲಿ ಚೀನಾ ಆದಾಯ ಹಂಚಿಕೆಯ ಆಧಾರದ ಮೇಲೆ ವಿದೇಶಿ ಚಿತ್ರಗಳ ಆಮದಿಗೆ ಅವಕಾಶ ನೀಡಿತು. ಆರಂಭದಲ್ಲಿ ವರ್ಷಕ್ಕೆ 10 ಇದ್ದ ಮಿತಿಯು ವಿಶ್ವ ವ್ಯಾಪಾರ ಸಂಸ್ಥೆಗೆ ಸೇರ್ಪಡೆಯಾದ ನಂತರ 20ಕ್ಕೂ, 2012ರಲ್ಲಿ 34ಕ್ಕೂ ಏರಿತು. ಹಾಲಿವುಡ್ ಚಿತ್ರಗಳಿಗೆ ಜನ ಮುಗಿಬಿದ್ದಾಗ ಸ್ವದೇಶಿ ನಿರ್ಮಾಪಕರು ತಮ್ಮ ಪ್ರೇಕ್ಷಕರನ್ನು ಉಳಿಸಿಕೊಳ್ಳುವ ಮಾರ್ಗಗಳನ್ನು ಹುಡುಕಬೇಕಾಯಿತು.

ಅಂತಹ ಮಾರ್ಗಗಳಲ್ಲಿ ಮೊದಲನೆಯದು ಹೊಸ ವರ್ಷದ ಹಾಸ್ಯಚಿತ್ರ. ಫೆಂಗ್ ಶಿಯಾವೊಗಾಂಗ್ ನಿರ್ದೇಶಿಸಿ 1997ರಲ್ಲಿ ತೆರೆಕಂಡ ‘ದ ಡ್ರೀಮ್ ಫ್ಯಾಕ್ಟರಿ’ ಈ ಪರಂಪರೆಯನ್ನು ಮುಖ್ಯ ಭೂಭಾಗದಲ್ಲಿ ಬೇರೂರಿಸಿತು. ಕರ್ನಾಟಕದಲ್ಲಿ ಸಂಕ್ರಾಂತಿ, ಯುಗಾದಿ, ದಸರಾ ಸಮಯದಲ್ಲಿ ದೊಡ್ಡ ಚಿತ್ರಗಳು ತೆರೆಕಾಣುವಂತೆ, ಚೀನಾದಲ್ಲಿ ಚಾಂದ್ರಮಾನ ಹೊಸ ವರ್ಷ ಮತ್ತು ಅಕ್ಟೋಬರ್ 1ರ ರಾಷ್ಟ್ರೀಯ ದಿನದ ರಜೆಗಳು ಬಿಡುಗಡೆಯ ಮುಖ್ಯ ಕಾಲಗಳಾಗಿವೆ. ಎರಡನೆಯ ಮಾರ್ಗವು ಭಾರಿ ವೆಚ್ಚದ ಐತಿಹಾಸಿಕ ಚಿತ್ರ. ಝಾಂಗ್ ಯಿಮೌ ಅವರ ‘ಹೀರೋ’ (2002) ಈ ಯುಗದ ಆರಂಭವೆಂದು ಸಾಮಾನ್ಯವಾಗಿ ಗಣಿಸಲ್ಪಡುತ್ತದೆ.

ಚಿತ್ರಮಂದಿರಗಳ ವಿಸ್ತರಣೆಯು ಬೆಳವಣಿಗೆಯ ಮುಖ್ಯ ಕಾರಣವಾಗಿದೆ. 2002ರಲ್ಲಿ ಎರಡು ಸಾವಿರಕ್ಕಿಂತ ಕಡಿಮೆ ಇದ್ದ ಆಧುನಿಕ ತೆರೆಗಳ ಸಂಖ್ಯೆ 2019ರ ಹೊತ್ತಿಗೆ 70,000ದ ಸಮೀಪಕ್ಕೆ ಬಂದಿತು. ಭಾರತದಲ್ಲಿ ಈ ಸಂಖ್ಯೆ ಹತ್ತು ಸಾವಿರದ ಆಸುಪಾಸಿನಲ್ಲಿದೆ. ಹೊಸ ತೆರೆಗಳು ಮಹಾನಗರಗಳಿಗೆ ಸೀಮಿತವಾಗದೆ ‘ಕೌಂಟಿ’ಗಳ ಪಟ್ಟಣಗಳನ್ನೂ ತಲುಪಿದವು. ಆಡಳಿತದ ಶ್ರೇಣಿಯಲ್ಲಿ ಕೌಂಟಿಯು ನಮ್ಮ ತಾಲ್ಲೂಕಿಗೆ ಹತ್ತಿರವಾದ ಘಟಕ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಅಥವಾ ಕೊಳ್ಳೇಗಾಲದ ಸ್ಥಾನದಲ್ಲಿರುವ ಊರುಗಳಲ್ಲಿ ಅನೇಕ ತೆರೆಗಳ ಮಂದಿರಗಳು ತಲೆಯೆತ್ತಿದವು ಎಂದು ಭಾವಿಸಿದರೆ ಈ ಬದಲಾವಣೆಯ ಪ್ರಮಾಣ ತಿಳಿಯುತ್ತದೆ. ಇಂತಹ ಊರುಗಳ ಪ್ರೇಕ್ಷಕರನ್ನು ಚೀನಾದಲ್ಲಿ ‘ಸಣ್ಣ ಪಟ್ಟಣದ ಯುವಜನರು’ ಎಂದೇ ಗುರುತಿಸುತ್ತಾರೆ. ಹಾಸ್ಯ ಮತ್ತು ಕೌಟುಂಬಿಕ ಚಿತ್ರಗಳ ಭಾರಿ ಯಶಸ್ಸಿನಲ್ಲಿ ಇವರ ಪಾಲು ದೊಡ್ಡದು. ಹಳ್ಳಿಗಳಲ್ಲಿ ನಮ್ಮ ಹಿಂದಿನ ಟೂರಿಂಗ್ ಟಾಕೀಸನ್ನು ನೆನಪಿಸುವ ಸಂಚಾರಿ ಪ್ರದರ್ಶನ ತಂಡಗಳು ಸರ್ಕಾರದ ನೆರವಿನಿಂದ ಚಿತ್ರಗಳನ್ನು ತೋರಿಸುತ್ತವೆ.

2012ರಲ್ಲಿ ಶು ಝೆಂಗ್ ಅವರ ಹಾಸ್ಯಚಿತ್ರ ‘ಲಾಸ್ಟ್ ಇನ್ ಥೈಲ್ಯಾಂಡ್’ 100 ಕೋಟಿ ಯುವಾನ್ ಗಳಿಕೆಯನ್ನು ದಾಟಿದ ಮೊದಲ ಚೀನೀ ಚಿತ್ರವಾಯಿತು. 2019ರಲ್ಲಿ ಚೀನಾದ ಒಟ್ಟು ವಾರ್ಷಿಕ ಗಳಿಕೆ ಸುಮಾರು 6,400 ಕೋಟಿ ಯುವಾನ್ ಆಗಿತ್ತು. 2020ರಲ್ಲಿ ಕೋವಿಡ್ ಪಿಡುಗಿನ ನಡುವೆ ಚೀನಾವು ಅಮೆರಿಕವನ್ನು ಹಿಂದಿಕ್ಕಿ ಜಗತ್ತಿನ ಅತಿ ದೊಡ್ಡ ಚಿತ್ರ ಮಾರುಕಟ್ಟೆಯಾಯಿತು. ಆದರೆ ಬೆಳವಣಿಗೆ ಏಕಮುಖವಾಗಿಲ್ಲ. 2024ರಲ್ಲಿ ವಾರ್ಷಿಕ ಗಳಿಕೆ ಸುಮಾರು 4,250 ಕೋಟಿ ಯುವಾನ್‌ಗೆ ಕುಸಿಯಿತು.

ಪರವಾನಗಿ ಮತ್ತು ನಿಯಂತ್ರಣ

ಚೀನಾದ ಚಿತ್ರಮಂದಿರದಲ್ಲಿ ಪ್ರತಿ ಚಿತ್ರದ ಆರಂಭದಲ್ಲಿ ಹಸಿರು ಹಿನ್ನೆಲೆಯ ಮೇಲೆ ಡ್ರ್ಯಾಗನ್ ಲಾಂಛನ ಕಾಣಿಸಿಕೊಳ್ಳುತ್ತದೆ. ಇದು ಸಾರ್ವಜನಿಕ ಪ್ರದರ್ಶನದ ಪರವಾನಗಿಯ ಗುರುತು. ಭಾರತದ ಪ್ರಮಾಣಪತ್ರ ವ್ಯವಸ್ಥೆಯಲ್ಲಿ ವಯಸ್ಸಿಗೆ ಅನುಗುಣವಾದ ವರ್ಗಗಳಿವೆ. ಚೀನಾದಲ್ಲಿ ಅಂತಹ ವರ್ಗೀಕರಣವಿಲ್ಲ. ಪರವಾನಗಿ ಪಡೆದ ಚಿತ್ರವು ಎಲ್ಲ ವಯಸ್ಸಿನವರೂ ನೋಡಬಹುದಾದ ಚಿತ್ರವಾಗಿರಬೇಕು. ಆದ್ದರಿಂದ ಹಿಂಸೆ, ಲೈಂಗಿಕತೆ, ಮೂಢನಂಬಿಕೆ ಮತ್ತು ರಾಜಕೀಯ ವಿಷಯಗಳ ನಿರೂಪಣೆಗೆ ಇರುವ ಅವಕಾಶ ಕಿರಿದಾಗಿದೆ.

2016ರ ನವೆಂಬರ್‌ನಲ್ಲಿ ಅಂಗೀಕೃತವಾಗಿ 2017ರ ಮಾರ್ಚ್ 1ರಿಂದ ಜಾರಿಗೆ ಬಂದ ಚಲನಚಿತ್ರ ಉದ್ಯಮ ಉತ್ತೇಜನ ಕಾಯಿದೆಯು ಈ ಕ್ಷೇತ್ರದ ಮೊದಲ ಸಮಗ್ರ ಕಾನೂನು. ಚಿತ್ರಮಂದಿರಗಳು ವರ್ಷದ ಪ್ರದರ್ಶನ ಅವಧಿಯ ಮೂರನೇ ಎರಡು ಭಾಗವನ್ನಾದರೂ ಸ್ವದೇಶಿ ಚಿತ್ರಗಳಿಗೆ ಮೀಸಲಿಡಬೇಕೆಂದು ಅದು ವಿಧಿಸುತ್ತದೆ. 2018ರಲ್ಲಿ ಚಲನಚಿತ್ರಗಳ ಮೇಲ್ವಿಚಾರಣೆಯನ್ನು ಕಮ್ಯುನಿಸ್ಟ್ ಪಕ್ಷದ ಕೇಂದ್ರ ಪ್ರಚಾರ ವಿಭಾಗಕ್ಕೆ ನೇರವಾಗಿ ವಹಿಸಲಾಯಿತು.

ನಿಯಂತ್ರಣದ ಪರಿಣಾಮವು ಕಥೆಗಳ ಮುಕ್ತಾಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಪರಾಧ ಎಸಗಿದವನು ಶಿಕ್ಷೆಯಿಲ್ಲದೆ ಪಾರಾಗುವಂತೆ ಕಥೆ ಮುಗಿಯುವುದು ಅಲ್ಲಿ ಅಪರೂಪ. 2022ರಲ್ಲಿ ‘ಫೈಟ್ ಕ್ಲಬ್’ ಎಂಬ ಅಮೆರಿಕದ ಚಿತ್ರವನ್ನು ಚೀನಾದ ಅಂತರಜಾಲ ವೇದಿಕೆಯೊಂದು ಪ್ರಸಾರ ಮಾಡಿದಾಗ, ಕೊನೆಯ ದೃಶ್ಯಗಳನ್ನು ತೆಗೆದು, ಪೊಲೀಸರು ಅಪರಾಧಿಗಳನ್ನು ಹಿಡಿದರೆಂಬ ಬರಹವನ್ನು ಸೇರಿಸಲಾಗಿತ್ತು. ವೀಕ್ಷಕರು ಇದನ್ನು ಗುರುತಿಸಿ ಟೀಕಿಸಿದ ಬಳಿಕ ಹೆಚ್ಚಿನ ಭಾಗವನ್ನು ಮತ್ತೆ ಸೇರಿಸಲಾಯಿತು. ಬಿಡುಗಡೆಗೆ ಸಿದ್ಧವಾದ ಚಿತ್ರಗಳು ಕೊನೆಯ ಕ್ಷಣದಲ್ಲಿ ನಿಲ್ಲುವುದೂ ಉಂಟು. 1937ರ ಶಾಂಘೈ ಯುದ್ಧವನ್ನು ಕುರಿತ ‘ದ ಏಟ್ ಹಂಡ್ರೆಡ್’ 2019ರ ಜೂನ್‌ನಲ್ಲಿ ‘ತಾಂತ್ರಿಕ ಕಾರಣ’ದಿಂದ ತಡೆಹಿಡಿಯಲ್ಪಟ್ಟು, 2020ರ ಆಗಸ್ಟ್‌ನಲ್ಲಿ ತೆರೆಕಂಡು ಆ ವರ್ಷದ ಅತ್ಯಂತ ಯಶಸ್ವಿ ಚಿತ್ರಗಳಲ್ಲಿ ಒಂದಾಯಿತು.

ಪ್ರಮುಖ ಪ್ರಕಾರಗಳು

ದೇಶಭಕ್ತಿ ಮತ್ತು ಯುದ್ಧ

ರಾಷ್ಟ್ರದ ಆದರ್ಶಗಳನ್ನು ಎತ್ತಿಹಿಡಿಯುವ ಚಿತ್ರಗಳಿಗೆ 1980ರ ದಶಕದ ಉತ್ತರಾರ್ಧದಿಂದ ‘ಮುಖ್ಯ ರಾಗ’ದ ಚಿತ್ರಗಳೆಂಬ ಹೆಸರಿದೆ. ಮೊದಲಿಗೆ ಇವು ನೀರಸ ಪ್ರಚಾರ ಚಿತ್ರಗಳಾಗಿದ್ದವು. ಸಾಹಸ ದೃಶ್ಯಗಳ ರೋಚಕತೆ ಇವುಗಳಿಗೆ ಬೆರೆತ ಮೇಲೆ ಜನ ಟಿಕೆಟ್ ಕೊಂಡು ನೋಡತೊಡಗಿದರು. ವು ಜಿಂಗ್ ನಿರ್ದೇಶಿಸಿ ನಟಿಸಿದ ‘ವುಲ್ಫ್ ವಾರಿಯರ್ 2’ (2017) ಆಫ್ರಿಕಾದ ಯುದ್ಧಭೂಮಿಯಿಂದ ಜನರನ್ನು ಪಾರುಮಾಡುವ ಮಾಜಿ ಸೈನಿಕನ ಕಥೆ. ಚೆನ್ ಕೈಗೆ, ಸುಯ್ ಹಾರ್ಕ್ ಮತ್ತು ಡಾಂಟೆ ಲಾಮ್ ಒಟ್ಟಾಗಿ ನಿರ್ದೇಶಿಸಿದ ‘ದ ಬ್ಯಾಟಲ್ ಅಟ್ ಲೇಕ್ ಚಾಂಗ್‌ಜಿನ್’ (2021) ಕೊರಿಯಾ ಯುದ್ಧದಲ್ಲಿ ಅಮೆರಿಕದ ಪಡೆಗಳ ವಿರುದ್ಧ ಚೀನೀ ಸೈನಿಕರು ನಡೆಸಿದ ಹೋರಾಟವನ್ನು ನಿರೂಪಿಸುತ್ತದೆ.

ಪುರಾಣ ಮತ್ತು ಅನಿಮೇಷನ್

ಜಿಯಾವೊಜಿ ನಿರ್ದೇಶನದ ಅನಿಮೇಷನ್ ಚಿತ್ರ ‘ನ ಝಾ’ (2019) ಮತ್ತು ಅದರ ಮುಂದಿನ ಭಾಗ ‘ನ ಝಾ 2’ (2025) ಮಿಂಗ್ ಕಾಲದ ಪೌರಾಣಿಕ ಕಾದಂಬರಿಯೊಂದರ ತುಂಟ ಬಾಲವೀರನನ್ನು ನಾಯಕನನ್ನಾಗಿ ಹೊಂದಿವೆ. 2025ರ ಜನವರಿ 29ರಂದು, ಹೊಸ ವರ್ಷದ ದಿನ ತೆರೆಕಂಡ ಎರಡನೆಯ ಭಾಗವು 1,500 ಕೋಟಿ ಯುವಾನ್‌ಗೂ ಹೆಚ್ಚು ಗಳಿಸಿತು. ಜಗತ್ತಿನಲ್ಲಿ 200 ಕೋಟಿ ಡಾಲರ್ ದಾಟಿದ ಮೊದಲ ಅನಿಮೇಷನ್ ಚಿತ್ರವೂ ಇದೇ.

ಈ ಪಾತ್ರದ ಬೇರುಗಳು ಭಾರತಕ್ಕೆ ಚಾಚಿಕೊಂಡಿವೆ. ನ ಝಾ ಎಂಬ ಹೆಸರು ಕುಬೇರನ ಮಗನಾದ ನಲಕೂಬರನ ಹೆಸರಿನಿಂದ, ಬೌದ್ಧ ಗ್ರಂಥಗಳ ಅನುವಾದದ ಮೂಲಕ ಬಂದದ್ದೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ನ ಝಾನ ತಂದೆ ಲಿ ಜಿಂಗ್‌ನನ್ನು ವೈಶ್ರವಣ, ಅಂದರೆ ಕುಬೇರನೊಂದಿಗೆ ಗುರುತಿಸುವ ಪರಂಪರೆಯೂ ಚೀನಾದಲ್ಲಿದೆ. ಒರಳಿಗೆ ಕಟ್ಟಿಹಾಕಲ್ಪಟ್ಟ ಬಾಲಕೃಷ್ಣನು ಅವಳಿ ಮರಗಳನ್ನು ಉರುಳಿಸಿ ಶಾಪಮುಕ್ತಗೊಳಿಸಿದ ಇಬ್ಬರು ಸಹೋದರರಲ್ಲಿ ಈ ನಲಕೂಬರನೂ ಒಬ್ಬನೆಂಬುದು ಭಾಗವತದ ಕಥೆ ಬಲ್ಲವರಿಗೆ ತಿಳಿದಿದೆ.

ವೈಜ್ಞಾನಿಕ ಕಲ್ಪನೆ ಮತ್ತು ಕೌಟುಂಬಿಕ ಕಥೆ

ಲಿಯು ತ್ಸಿಶಿನ್ ಅವರ ಕಥೆಯನ್ನು ಆಧರಿಸಿ ಗುವೊ ಫಾನ್ ನಿರ್ದೇಶಿಸಿದ ‘ದ ವಾಂಡರಿಂಗ್ ಅರ್ಥ್’ (2019) ಭೂಮಿಯನ್ನೇ ಸೂರ್ಯನಿಂದ ದೂರಕ್ಕೆ ಸಾಗಿಸುವ ಕಲ್ಪನೆಯನ್ನು ಹೊಂದಿದೆ. ಅಪಾಯ ಬಂದಾಗ ನೆಲವನ್ನು ಬಿಟ್ಟು ಹೋಗದೆ ಅದನ್ನೇ ಜೊತೆಗೆ ಕೊಂಡೊಯ್ಯುವ ಈ ಆಲೋಚನೆ ಅನೇಕ ವಿಮರ್ಶಕರ ಗಮನ ಸೆಳೆದಿದೆ. ಹಾಸ್ಯನಟಿ ಜಿಯಾ ಲಿಂಗ್ ತಮ್ಮ ತೀರಿಹೋದ ತಾಯಿಯ ನೆನಪಿನಲ್ಲಿ ನಿರ್ದೇಶಿಸಿದ ‘ಹಾಯ್, ಮಾಮ್’ (2021) ಯುದ್ಧಚಿತ್ರಗಳಿಗೆ ಸಮನಾದ ಗಳಿಕೆ ಕಂಡಿತು.

ಸಾಮಾಜಿಕ ಸಮಸ್ಯೆ

ವೆನ್ ಮುಯೆ ನಿರ್ದೇಶನದ ‘ಡೈಯಿಂಗ್ ಟು ಸರ್ವೈವ್’ (2018) ಭಾರತದೊಂದಿಗೆ ನೇರ ಸಂಬಂಧವಿರುವ ಚಿತ್ರ. ರಕ್ತದ ಕ್ಯಾನ್ಸರಿಗೆ ಬಳಸುವ ದುಬಾರಿ ವಿದೇಶಿ ಔಷಧವನ್ನು ಕೊಳ್ಳಲಾಗದ ರೋಗಿಗಳಿಗಾಗಿ ಅಂಗಡಿಕಾರನೊಬ್ಬ ಭಾರತದಿಂದ ಅಗ್ಗದ ಜನರಿಕ್ ಮಾತ್ರೆಗಳನ್ನು ಕದ್ದು ತರಿಸುವುದು ಇದರ ವಸ್ತು. ತಾವೂ ರೋಗಿಯಾಗಿದ್ದ ಲು ಯೋಂಗ್ ಎಂಬವರ ನಿಜ ಜೀವನದ ಪ್ರಕರಣ ಇದಕ್ಕೆ ಪ್ರೇರಣೆ. ಚಿತ್ರವು 300 ಕೋಟಿ ಯುವಾನ್‌ಗೂ ಹೆಚ್ಚು ಗಳಿಸಿತು. ಆಗಿನ ಪ್ರಧಾನಿ ಲಿ ಕೆಚಿಯಾಂಗ್ ಅವರು ಚಿತ್ರ ಎಬ್ಬಿಸಿದ ಚರ್ಚೆಯನ್ನು ಉಲ್ಲೇಖಿಸಿ, ಕ್ಯಾನ್ಸರ್ ಔಷಧಗಳ ಬೆಲೆ ಇಳಿಸುವ ಕ್ರಮಗಳನ್ನು ತ್ವರಿತಗೊಳಿಸಲು ಸೂಚಿಸಿದರು. ವಿದೇಶದಲ್ಲಿ ಕಾನೂನುಬದ್ಧವಾಗಿ ಮಾರಾಟವಾಗುವ, ಆದರೆ ಚೀನಾದಲ್ಲಿ ಅನುಮೋದನೆ ಪಡೆಯದ ಔಷಧವನ್ನು ‘ನಕಲಿ ಔಷಧ’ವೆಂದು ಕರೆಯುವ ಪದ್ಧತಿಯನ್ನು 2019ರ ತಿದ್ದುಪಡಿ ಕಾಯಿದೆ ಕೈಬಿಟ್ಟಿತು. ನಿಯಂತ್ರಣದ ಒಳಗಿದ್ದೂ ಜನಪ್ರಿಯ ಚಿತ್ರವು ಸಾರ್ವಜನಿಕ ನೋವಿಗೆ ದನಿಯಾಗಬಹುದೆಂಬುದಕ್ಕೆ ಇದು ನಿದರ್ಶನ. ಆದರೆ ಈ ಚಿತ್ರದಲ್ಲಿಯೂ ನಾಯಕನು ಜೈಲುಶಿಕ್ಷೆ ಅನುಭವಿಸುತ್ತಾನೆ.

ಕರ್ನಾಟಕದ ನಂಟು

ಹಂಪಿಯಲ್ಲಿ ‘ದ ಮಿಥ್’

ಸ್ಟ್ಯಾನ್ಲಿ ಟಾಂಗ್ ನಿರ್ದೇಶಿಸಿ 2005ರಲ್ಲಿ ತೆರೆಕಂಡ ‘ದ ಮಿಥ್’ ಹಾಂಗ್ ಕಾಂಗ್ ಮತ್ತು ಚೀನಾದ ಸಹನಿರ್ಮಾಣದ ಚಿತ್ರ. ಇದರಲ್ಲಿ ಜಾಕಿ ಚಾನ್ ಪ್ರಾಚೀನ ಚಿನ್ ಸಾಮ್ರಾಜ್ಯದ ಸೇನಾಪತಿಯಾಗಿಯೂ ಇಂದಿನ ಪುರಾತತ್ತ್ವಜ್ಞನಾಗಿಯೂ ನಟಿಸಿದ್ದಾರೆ. ಕಥೆಯ ಭಾರತದ ಭಾಗವನ್ನು ವಿಶ್ವ ಪರಂಪರೆಯ ತಾಣವಾದ ಹಂಪಿಯಲ್ಲಿ ಚಿತ್ರೀಕರಿಸಲಾಯಿತು. ಹಿಂದಿ ನಟಿ ಮಲ್ಲಿಕಾ ಶೆರಾವತ್ ಈ ಭಾಗದಲ್ಲಿ ಕಾಣಿಸಿಕೊಂಡಿದ್ದಾರೆ. ಆದರೆ ಚಿತ್ರದಲ್ಲಿ ಹಂಪಿಯು ವಿಜಯನಗರದ ರಾಜಧಾನಿಯಾಗಿ ಕಾಣುವುದಿಲ್ಲ. ಕೇರಳದ ಕಳರಿಪಯಟ್ಟು ಇತ್ಯಾದಿಗಳೊಡನೆ ಬೆರೆತ ಒಂದು ಕಾಲ್ಪನಿಕ ಭಾರತದ ಹಿನ್ನೆಲೆಯಾಗಿ ಮಾತ್ರ ಬಂದಿದೆ.

ಹ್ಯೂಯೆನ್ ತ್ಸಾಂಗ್ ಕುರಿತ ಚಿತ್ರ

2014ರ ಸೆಪ್ಟೆಂಬರ್‌ನಲ್ಲಿ ಭಾರತ ಮತ್ತು ಚೀನಾ ಚಲನಚಿತ್ರಗಳ ಸಹನಿರ್ಮಾಣದ ಒಪ್ಪಂದಕ್ಕೆ ಸಹಿ ಹಾಕಿದವು. ಅನಂತರ ಬಂದ ಚಿತ್ರಗಳಲ್ಲಿ ಹುವೊ ಜಿಯಾಂಚಿ ನಿರ್ದೇಶನದ ‘ಷ್ವಾನ್‌ಝಾಂಗ್’ (2016) ಮುಖ್ಯವಾದುದು. ಶಾಲಾ ಪಠ್ಯಗಳಲ್ಲಿ ಹ್ಯೂಯೆನ್ ತ್ಸಾಂಗ್ ಎಂದು ಪರಿಚಿತನಾದ ಯಾತ್ರಿಕನೇ ಇದರ ನಾಯಕ. ಹರ್ಷವರ್ಧನನ ಪಾತ್ರವನ್ನು ಸೋನು ಸೂದ್ ನಿರ್ವಹಿಸಿದ್ದಾರೆ. ಈ ಯಾತ್ರಿಕನು ಹರ್ಷನನ್ನು ಎದುರಿಸಿ ನಿಂತ ಬಾದಾಮಿ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನೂ ಅವನ ಪ್ರಜೆಗಳ ಸ್ವಾಭಿಮಾನವನ್ನೂ ದಾಖಲಿಸಿದ್ದಾನೆ. ಕರ್ನಾಟಕದ ಇತಿಹಾಸ ರಚನೆಯಲ್ಲಿ ಐಹೊಳೆ ಶಾಸನದ ಜೊತೆಗೆ ಅವನ ಬರಹವೂ ಮುಖ್ಯ ಆಕರವಾಗಿದೆ.

‘ದೃಶ್ಯ’ ಮತ್ತು ‘ವು ಶಾ’

ಜೀತು ಜೋಸೆಫ್ ಅವರ ಮಲಯಾಳಂ ಚಿತ್ರ ‘ದೃಶ್ಯಂ’ (2013) ಕನ್ನಡದಲ್ಲಿ ಪಿ. ವಾಸು ನಿರ್ದೇಶನದಲ್ಲಿ ‘ದೃಶ್ಯ’ (2014) ಎಂಬ ಹೆಸರಿನಿಂದ ಬಂದಿತು. ವಿ. ರವಿಚಂದ್ರನ್ ಕೇಬಲ್ ಟಿವಿ ವ್ಯವಹಾರ ನಡೆಸುವ ರಾಜೇಂದ್ರ ಪೊನ್ನಪ್ಪನ ಪಾತ್ರದಲ್ಲಿ ನಟಿಸಿದರು. ಅದೇ ಮಲಯಾಳಂ ಮೂಲದಿಂದ ಚೀನೀ ಭಾಷೆಯಲ್ಲಿ ರೂಪುಗೊಂಡದ್ದು 2019ರ ಡಿಸೆಂಬರ್‌ನಲ್ಲಿ ತೆರೆಕಂಡ ‘ವು ಶಾ’. ಈ ಹೆಸರಿಗೆ ‘ಅಚಾತುರ್ಯದ ಕೊಲೆ’ ಎಂದು ಅರ್ಥ. ಮಲೇಷ್ಯಾದ ಸ್ಯಾಮ್ ಕ್ವಾ ಇದರ ನಿರ್ದೇಶಕರು. ಶಿಯಾವೊ ಯಾಂಗ್ ನಾಯಕನಾಗಿಯೂ, ಜೋನ್ ಚೆನ್ ಪೊಲೀಸ್ ಅಧಿಕಾರಿಯಾಗಿಯೂ ನಟಿಸಿದ್ದಾರೆ. ಚಿತ್ರವು 100 ಕೋಟಿ ಯುವಾನ್‌ಗೂ ಹೆಚ್ಚು ಗಳಿಸಿತು. ಹೀಗೆ ಕನ್ನಡದ ‘ದೃಶ್ಯ’ ಮತ್ತು ಚೀನಾದ ‘ವು ಶಾ’ ಒಂದೇ ತಾಯಿಬೇರಿನ ಎರಡು ಕೊಂಬೆಗಳು.

ಕಥೆಯ ತಿರುಳು ಎರಡರಲ್ಲಿಯೂ ಒಂದೇ. ಮಗಳ ಮಾನಕ್ಕೆ ಕುಂದು ತರಲು ಬಂದ ಯುವಕನು ಅನಿರೀಕ್ಷಿತವಾಗಿ ಹತನಾಗುತ್ತಾನೆ. ಅವನ ತಾಯಿ ಉನ್ನತ ಪೊಲೀಸ್ ಅಧಿಕಾರಿ. ಹೆಚ್ಚು ಓದದ ತಂದೆಯು ತಾನು ನೋಡಿದ ಸಿನಿಮಾಗಳಿಂದ ಕಲಿತ ಯುಕ್ತಿಯಿಂದ ಕುಟುಂಬವನ್ನು ರಕ್ಷಿಸುತ್ತಾನೆ. ಆದರೆ ಎರಡು ವ್ಯತ್ಯಾಸಗಳು ಗಮನಾರ್ಹ. ಮೊದಲನೆಯದಾಗಿ, ಚೀನೀ ಚಿತ್ರದ ಕಥೆ ನಡೆಯುವುದು ಚೀನಾದಲ್ಲಿ ಅಲ್ಲ, ಥೈಲ್ಯಾಂಡಿನ ಒಂದು ಪಟ್ಟಣದಲ್ಲಿ. ಪೊಲೀಸರ ದೌರ್ಜನ್ಯ ಮತ್ತು ಭ್ರಷ್ಟ ರಾಜಕಾರಣವನ್ನು ತೋರಿಸಲು ಹೊರದೇಶದ ನೆಲೆ ಅನುಕೂಲವಾಯಿತೆಂದು ವಿಮರ್ಶಕರು ವಿವರಿಸಿದ್ದಾರೆ. ಎರಡನೆಯದಾಗಿ, ಕನ್ನಡದಲ್ಲಿ ನಾಯಕನ ರಹಸ್ಯವು ಪೊಲೀಸ್ ಠಾಣೆಯ ನೆಲದಡಿಯಲ್ಲಿಯೇ ಉಳಿದು ಕುಟುಂಬ ಪಾರಾಗುತ್ತದೆ. ಚೀನೀ ಚಿತ್ರದಲ್ಲಿ ನಾಯಕನು ಕೊನೆಗೆ ತಾನಾಗಿಯೇ ಶರಣಾಗಿ ತಪ್ಪೊಪ್ಪಿಕೊಳ್ಳುತ್ತಾನೆ.

ಈ ಮುಕ್ತಾಯವನ್ನು ಪರವಾನಗಿಯ ಒತ್ತಡವೆಂದಷ್ಟೇ ತಳ್ಳಿಹಾಕಲಾಗದು. ಚೀನೀ ಚಿತ್ರವು ನಾಯಕನ ಸುಳ್ಳು ಅವನ ಮಗಳ ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನೂ, ಪಟ್ಟಣದಲ್ಲಿ ಹುಟ್ಟಿಸುವ ಗಲಭೆಯನ್ನೂ ತೋರಿಸಿ, ಶರಣಾಗತಿಗೆ ನೈತಿಕ ಕಾರಣವನ್ನು ಒದಗಿಸುತ್ತದೆ. ಕನ್ನಡದ ಪ್ರೇಕ್ಷಕನು ತಂದೆಯ ಜಾಣ್ಮೆಗೆ ಸಮಾಧಾನಪಟ್ಟು ಹೊರಬರುತ್ತಾನೆ. ಚೀನಾದ ಪ್ರೇಕ್ಷಕನು ಆ ಜಾಣ್ಮೆಗೆ ತೆತ್ತ ಬೆಲೆಯನ್ನು ಕಂಡು ಹೊರಬರುತ್ತಾನೆ. ಕಾನೂನು, ಮಾರುಕಟ್ಟೆ ಮತ್ತು ಜನರ ನ್ಯಾಯಪ್ರಜ್ಞೆ ಮೂರೂ ಒಂದು ಕಥೆಯನ್ನು ಹೇಗೆ ತಿದ್ದುತ್ತವೆ ಎಂಬುದನ್ನು ವಿದ್ಯಾರ್ಥಿಗಳು ಈ ಎರಡು ಚಿತ್ರಗಳನ್ನು ಜೊತೆಯಲ್ಲಿಟ್ಟು ನೋಡಿ ತಿಳಿಯಬಹುದು.

ಚೀನಾದಲ್ಲಿ ಭಾರತೀಯ ಚಿತ್ರಗಳು

ರಾಜ್ ಕಪೂರ್ ಅವರ ‘ಆವಾರಾ’ 1950ರ ದಶಕದಲ್ಲಿಯೂ ಸಾಂಸ್ಕೃತಿಕ ಕ್ರಾಂತಿಯ ನಂತರವೂ ಚೀನಾದಲ್ಲಿ ಅತ್ಯಂತ ಜನಪ್ರಿಯವಾಗಿತ್ತು. ಹೊಸ ಅಲೆಯನ್ನು ಎಬ್ಬಿಸಿದ್ದು ಆಮಿರ್ ಖಾನ್ ಅವರ ಚಿತ್ರಗಳು. 2017ರ ಮೇ ತಿಂಗಳಲ್ಲಿ ಬಿಡುಗಡೆಯಾದ ‘ದಂಗಲ್’ ಅಲ್ಲಿ ಸುಮಾರು 129 ಕೋಟಿ ಯುವಾನ್ ಗಳಿಸಿತು. ಇದು ಭಾರತದಲ್ಲಿ ಆ ಚಿತ್ರ ಗಳಿಸಿದ್ದಕ್ಕಿಂತ ಹೆಚ್ಚು. ಮಕ್ಕಳ ಓದು, ಪೋಷಕರ ನಿರೀಕ್ಷೆ, ಹೆಣ್ಣುಮಕ್ಕಳ ಸ್ಥಾನ ಇವು ಎರಡೂ ಸಮಾಜಗಳಿಗೆ ಸಮಾನವಾದ ಚಿಂತೆಗಳಾಗಿದ್ದುದೇ ಈ ಯಶಸ್ಸಿಗೆ ಕಾರಣವೆನ್ನಲಾಗಿದೆ. 2020ರ ಗಲ್ವಾನ್ ಸಂಘರ್ಷದ ನಂತರ ಈ ವಿನಿಮಯ ಬಹಳ ಕುಗ್ಗಿತು. 2024ರ ನವೆಂಬರ್‌ನಲ್ಲಿ ವಿಜಯ್ ಸೇತುಪತಿ ಅಭಿನಯದ ತಮಿಳು ಚಿತ್ರ ‘ಮಹಾರಾಜ’ ಅಲ್ಲಿ ತೆರೆಕಂಡು ಗಮನ ಸೆಳೆಯಿತು.

ಕನ್ನಡದಲ್ಲಿ ಲಭ್ಯತೆ

ಕನ್ನಡ ಚಿತ್ರರಂಗದಲ್ಲಿ ಡಬ್ಬಿಂಗ್‌ಗೆ ದೀರ್ಘಕಾಲ ವಿರೋಧವಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದರ ವಿರುದ್ಧ ಆದೇಶ ನೀಡಿದ ಬಳಿಕ, 2017ರಿಂದ ಇತರ ಭಾಷೆಗಳ ಚಿತ್ರಗಳು ಕನ್ನಡ ಮಾತುಗಳೊಂದಿಗೆ ಬರತೊಡಗಿದವು. ಇವುಗಳಲ್ಲಿ ಹೆಚ್ಚಿನವು ತಮಿಳು, ತೆಲುಗು, ಹಿಂದಿ ಚಿತ್ರಗಳು. ಚೀನಾದ ಚಿತ್ರಗಳನ್ನು ನೋಡಬಯಸುವ ಕನ್ನಡಿಗರು ಇಂಗ್ಲಿಷ್ ಉಪಶೀರ್ಷಿಕೆಗಳನ್ನೋ ಹಿಂದಿ, ತಮಿಳು, ತೆಲುಗು ಡಬ್ಬಿಂಗನ್ನೋ ಬಹುತೇಕ ಅವಲಂಬಿಸಬೇಕಾಗಿದೆ. ಇದರಿಂದಾಗಿ ಇಂಗ್ಲಿಷ್ ಉಪಶೀರ್ಷಿಕೆಯನ್ನು ವೇಗವಾಗಿ ಓದಲಾಗದ ಗ್ರಾಮೀಣ ವಿದ್ಯಾರ್ಥಿಗಳಿಗೆ ನೆರೆಯ ದೊಡ್ಡ ದೇಶವೊಂದರ ಜನಜೀವನವನ್ನು ಕಥೆಗಳ ಮೂಲಕ ಅರಿಯುವ ದಾರಿ ಇಕ್ಕಟ್ಟಾಗಿದೆ.

ಹೆಚ್ಚು ಗಳಿಸಿದ ಕೆಲವು ಚಿತ್ರಗಳು

ಚೀನಾದೊಳಗಿನ ಗಳಿಕೆ, ಅಂದಾಜು ಕೋಟಿ ಯುವಾನ್‌ಗಳಲ್ಲಿ:

• ನ ಝಾ 2 (2025), ಅನಿಮೇಷನ್: 1,500ಕ್ಕೂ ಹೆಚ್ಚು
• ದ ಬ್ಯಾಟಲ್ ಅಟ್ ಲೇಕ್ ಚಾಂಗ್‌ಜಿನ್ (2021), ಯುದ್ಧ: 577
• ವುಲ್ಫ್ ವಾರಿಯರ್ 2 (2017), ಸಾಹಸ: 568
• ಹಾಯ್, ಮಾಮ್ (2021), ಕೌಟುಂಬಿಕ ಹಾಸ್ಯ: 541
• ನ ಝಾ (2019), ಅನಿಮೇಷನ್: 503
• ದ ವಾಂಡರಿಂಗ್ ಅರ್ಥ್ (2019), ವೈಜ್ಞಾನಿಕ ಕಲ್ಪನೆ: 468
• ಫುಲ್ ರಿವರ್ ರೆಡ್ (2023), ಐತಿಹಾಸಿಕ ರಹಸ್ಯ: 454

ವಿಮರ್ಶೆ

ಯುದ್ಧಚಿತ್ರಗಳಲ್ಲಿನ ಅತಿಯಾದ ರಾಷ್ಟ್ರೀಯತೆ, ಹೊರದೇಶದವರ ಏಕಮುಖ ಚಿತ್ರಣ, ಇತಿಹಾಸದ ಅಹಿತಕರ ಘಟನೆಗಳ ಬಗ್ಗೆ ಮೌನ ಇವು ಈ ಚಿತ್ರಗಳ ಮೇಲಿರುವ ಮುಖ್ಯ ಆಕ್ಷೇಪಗಳು. ಗಂಭೀರ, ಸಣ್ಣ ವೆಚ್ಚದ ಚಿತ್ರಗಳಿಗೆ ತೆರೆಗಳು ಸಿಗುವುದಿಲ್ಲವೆಂಬ ದೂರು ಕನ್ನಡದಂತೆ ಅಲ್ಲಿಯೂ ಇದೆ. ಇನ್ನೊಂದೆಡೆ, ಚೀನಾದ ಪ್ರೇಕ್ಷಕರು ಕೊಟ್ಟಿದ್ದೆಲ್ಲವನ್ನೂ ಒಪ್ಪುವವರಲ್ಲ. ‘ಡೌಬಾನ್’ ಮತ್ತು ‘ಮಾವೊಯಾನ್’ ಜಾಲತಾಣಗಳಲ್ಲಿ ಅವರು ನೀಡುವ ಅಂಕಗಳು ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಚಿತ್ರವೊಂದರ ಭವಿಷ್ಯವನ್ನು ಬದಲಿಸಬಲ್ಲವು. ಸರ್ಕಾರ ಒಪ್ಪಿದ ಚಿತ್ರವು ಪರವಾನಗಿಯನ್ನು ಪಡೆಯಬಹುದು, ಆದರೆ ಟಿಕೆಟ್ ಕೊಳ್ಳುವ ನಿರ್ಧಾರ ಪ್ರೇಕ್ಷಕನದೇ ಆಗಿರುತ್ತದೆ.